ಹುಣಸೆ ತೋಪಿನ ತೊಗಲಕ್ಕಿ

ಯುದ್ಧ ಇನ್ನೂ ಮುಗಿಯದಿದ್ದ ದಿನಗಳು. ಬೆಂಗಳೂರಿನ ಒಂದು ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಪಕ್ಷಿಗಳ ಚರ್ಮ ಬಿಡಿಸಿ, ಒಳಗೆ ಹತ್ತಿ ತುಂಬಿ, ಜೀವವಿದ್ದಂತೆ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ಆ ವರ್ಷ ಚಳಿ ಕಳೆಯುವ ಹೊತ್ತಿಗೆ ಬಾವಲಿಗಳ ಗಾಜಿನ ಪೆಟ್ಟಿಗೆಗೆ ಹುಳ ಬಿದ್ದಿರುವುದು ಗೊತ್ತಾಯಿತು. ಬಾಗಿಲು ತೆಗೆದು ಮುಟ್ಟಿದ್ದೇ ತಡ, ದೊಡ್ಡ ಬಾವಲಿಯ ಮುಖ ನುಚ್ಚಿನಂತೆ ನನ್ನ ಅಂಗೈ ಮೇಲೆ ಉದುರಿತು.

ಕ್ಯೂರೇಟರ್ ಕನ್ನಡಕ ಹಣೆಗೇರಿಸಿ ನೋಡಿದರು.

"ಎಲ್ಲಾ ಹೊಸದು ಬೇಕು ಕಣಯ್ಯ. ಒಂದು ಗಂಡು, ಒಂದು ಹೆಣ್ಣು, ಆಮೇಲೆ ಎದೆಗೆ ಮರಿ ಕಚ್ಚಿಕೊಂಡಿರೋ ತಾಯಿ. ಗಂಡು ಹೆಣ್ಣು ಹೇಗಾದರೂ ಇರಲಿ, ತಾಯಿ ಮರಿ ಮಾತ್ರ ಬಿಟ್ಟು ಬರಬೇಡ. ಜನ ನಿಂತು ನೋಡೋದು ಅದನ್ನೇ."

ಯುದ್ಧದಿಂದಾಗಿ ಕೋವಿಯ ತೋಟಾ ಸಿಗುವುದು ಕಷ್ಟವಾಗಿತ್ತು. ಆರು ತೋಟಾ ಕೊಟ್ಟು ರುಜು ಹಾಕಿಸಿಕೊಂಡರು. ಮ್ಯೂಸಿಯಂನ ಹಳೆಯ ಕೋವಿ, ಪಾಷಾಣ ಬೆರೆಸಿದ ಸೋಪು, ಪಟಿಕದ ಪುಡಿ, ಹತ್ತಿ, ತಂತಿ, ಸೂಜಿ, ರೆಕ್ಕೆ ಹರಡಿ ಮೊಳೆ ಹೊಡೆಯಲು ಎರಡು ಹಲಗೆ, ಸ್ಪಿರಿಟ್ಟಿನ ಎರಡು ಜಾಡಿ, ಒಂದು ಖಾಲಿ ಗಾಜಿನ ಜಾಡಿ, ಒಂದು ಸಣ್ಣ ಸೀಸೆ ಕ್ಲೋರೋಫಾರಂ. ಇಷ್ಟನ್ನು ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಸಣ್ಣ ರೈಲಿನಲ್ಲಿ ದೇವನಹಳ್ಳಿಗೆ ಹೋದೆ. ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೆ ಎತ್ತಿನ ಗಾಡಿಯಲ್ಲಿ ಎರಡು ಗಂಟೆ ದಾರಿ. ಒಂದು ಕೆರೆಯ ಹಿಂದೆ ಹಳೆಯ ಹುಣಸೆ ತೋಪಿದೆ, ಅಲ್ಲಿ ಬಾವಲಿ ಲೆಕ್ಕವಿಲ್ಲದಷ್ಟು ಇವೆ ಎಂದು ತಾಲ್ಲೂಕು ಕಚೇರಿಯವರು ಹೇಳಿ ಕಾಗದವನ್ನೂ ಬರೆದುಕೊಟ್ಟಿದ್ದರು.

ತೋಪು ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂತು. ಹಣ್ಣು ಹುಳಿತ ಹಾಗೆ, ಅದರೊಳಗೆ ಕಸ್ತೂರಿಯಂಥ ಘಾಟು. ಆಮೇಲೆ ಸದ್ದು. ನೂರಾರು ಹೆಂಗಸರು ಬಾವಿಕಟ್ಟೆಯಲ್ಲಿ ಒಟ್ಟಿಗೆ ಜಗಳವಾಡಿದ ಹಾಗೆ ಕಿಚಕಿಚ. ಹದಿನಾಲ್ಕು ಮರ. ನಡುವಿನ ಏಳೆಂಟು ಮರಗಳಲ್ಲಿ ಎಲೆಗಿಂತ ಬಾವಲಿಗಳೇ ಹೆಚ್ಚು. ಕಪ್ಪು ಬಟ್ಟೆ ಹಿಂಡಿ ನೇತುಹಾಕಿದಂತೆ ಕೊಂಬೆ ಕೊಂಬೆಗೂ ಜೋತುಬಿದ್ದಿದ್ದವು.

ತೋಪು ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಹೊಲ ಮಾಡಿಸುತ್ತಿದ್ದಳು. ಊರವರು ಆಕೆಯನ್ನು ಯಜಮಾನಮ್ಮ ಎನ್ನುತ್ತಿದ್ದರು. ಆಕೆಯ ಮನೆ ತೋಪಿನ ಅಂಚಿನಲ್ಲೇ ಇತ್ತು. ನಾನು ಹೋದಾಗ ಮರದಡಿ ಗುಡಿಸಿ, ಬಾವಲಿಯ ಹಿಕ್ಕೆ, ಉಗಿದ ಸಿಪ್ಪೆಗಳನ್ನು ಮಂಕರಿಗೆ ತುಂಬುತ್ತಿದ್ದಳು. ತರಕಾರಿ ಪಾತಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲವಂತೆ. ನಾನು ಕಾಗದ ಓದಿ ಹೇಳಿದೆ. ಪೊರಕೆ ಕೆಳಗಿಡದೆ ಕೇಳಿಸಿಕೊಂಡಳು.

"ಉಬ್ಬಸಕ್ಕೆ ಒಳ್ಳೇದು ಅಂತ ತೊಗಲಕ್ಕಿ ಮಾಂಸ ಕೇಳ್ಕೊಂಡು ಎಲ್ಲೆಲ್ಲಿಂದ್ಲೋ ಬತ್ತಾರೆ ಸ್ವಾಮಿ. ಎಲ್ಲಾರ್ನೂ ಓಡಿಸಿದೀನಿ. ನೀವು ಸರ್ಕಾರದೋರು. ನಾನು ಬ್ಯಾಡ ಅಂದ್ರೆ ಬಿಡ್ತೀರಾ?"

"ತಿನ್ನೋದಕ್ಕಲ್ಲಮ್ಮ. ಸ್ಕೂಲು ಮಕ್ಕಳು ಬಂದು ನೋಡಿ ಕಲೀಲಿ ಅಂತ. ಎರಡು ಮೂರು ಸಾಕು."

ಆಕೆ ತಲೆ ಎತ್ತಿ ಮರ ನೋಡಿದಳು.

"ಮರಿ ಇರೋದ್ನ ಮುಟ್ಬ್ಯಾಡಿ. ಈಗ ಹಡೆಯೋ ಕಾಲ. ಅದೊಂದು ಮಾತು ಕೊಡಿ, ಆಮೇಲೆ ನಿಮ್ಮಿಷ್ಟ."

"ಮುಟ್ಟೋದಿಲ್ಲಮ್ಮ" ಎಂದೆ. ಅಷ್ಟು ಸುಲಭವಾಗಿ ಮಾತು ಬಂತು. ಕ್ಯೂರೇಟರರ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಹೇಗಾದರೂ ಒಂದು ದಾರಿ ಆದೀತು ಎಂದುಕೊಂಡೆ. ಏನು ದಾರಿ ಎಂದು ಯೋಚಿಸಲಿಲ್ಲ.

ಮಲಗಲು ತನ್ನ ಮನೆಯ ಜಗಲಿಯನ್ನೇ ಕೊಟ್ಟಳು. ಎರಡು ಹೊತ್ತು ಮುದ್ದೆಯನ್ನೂ ಆಕೆಯೇ ಇಕ್ಕಿದಳು.

ಮೊದಲ ನಾಲ್ಕು ದಿನ ಕೋವಿ ಮುಟ್ಟಲಿಲ್ಲ. ಸತ್ತ ಪ್ರಾಣಿಯನ್ನು ಜೀವವಿದ್ದಂತೆ ನಿಲ್ಲಿಸಬೇಕಾದರೆ ಜೀವವಿದ್ದಾಗ ಅದು ಹೇಗಿರುತ್ತದೆ ಎಂದು ಗೊತ್ತಿರಬೇಕು. ಮರದಡಿ ಗೋಣಿಚೀಲ ಹಾಸಿ, ಮೇಲೊಂದು ಹಳೆಯ ಛತ್ರಿ ಬಿಡಿಸಿ ಕೂತು, ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದೆ. ಬಿಸಿಲೇರಿದಂತೆ ಅವು ಒಂದು ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಇನ್ನೊಂದರಿಂದ ಬೀಸಣಿಗೆಯಂತೆ ಗಾಳಿ ಹಾಕಿಕೊಳ್ಳುತ್ತಿದ್ದವು. ಸೆಕೆ ತಡೆಯದಾದಾಗ ಎದೆಯನ್ನೂ ರೆಕ್ಕೆಯನ್ನೂ ನೆಕ್ಕಿ ಒದ್ದೆ ಮಾಡಿಕೊಳ್ಳುತ್ತಿದ್ದವು. ತಲೆಕೆಳಗಾಗಿ ಬದುಕುವ ಪ್ರಾಣಿ ಮಲಮೂತ್ರಕ್ಕೆ ಏನು ಮಾಡುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ರೆಕ್ಕೆಯ ಹೆಬ್ಬೆರಳಿನ ಉಗುರುಗಳಿಂದ ಕೊಂಬೆ ಹಿಡಿದು, ಕಾಲು ಬಿಟ್ಟು, ಕೆಲಸ ಮುಗಿಯುವವರೆಗೆ ನಮ್ಮಂತೆ ತಲೆ ಮೇಲಾಗಿ ನೇತಾಡಿ, ಮತ್ತೆ ತಿರುಗುತ್ತಿದ್ದವು. ಛತ್ರಿಯ ಮಹಿಮೆ ಆಗ ತಿಳಿಯಿತು.

ಹೊತ್ತು ಮುಳುಗಿ ಅರ್ಧ ಗಂಟೆಗೆ ತೋಪಿನ ಗಲಾಟೆ ಒಮ್ಮೆಲೇ ತಗ್ಗುತ್ತಿತ್ತು. ಮೊದಲು ನಾಲ್ಕೈದು ಎದ್ದು ಒಂದು ಸುತ್ತು ಹಾಕುವವು. ಹಿಂದೆಯೇ ಉಳಿದವು ಹೊರಟು, ಕೆರೆಯ ಮೇಲೆ ತಗ್ಗಾಗಿ ಹಾರಿ, ಎದೆಯನ್ನು ನೀರಿಗೆ ತಾಗಿಸಿ ಏಳುತ್ತಿದ್ದವು. ಆಮೇಲೆ ಎಲ್ಲೋ ಕೂತು ಒದ್ದೆ ರೋಮವನ್ನು ನೆಕ್ಕಿ ನೀರು ಕುಡಿಯುತ್ತವೆ ಎಂದು ಯಜಮಾನಮ್ಮ ಹೇಳಿದಳು. ಯಾವ ದಿಕ್ಕಿಗೆ ಹೆಚ್ಚು ಹೋದವು ಎಂದು ನೋಡಿ ಎಲ್ಲಿ ಆಲದ ಹಣ್ಣು ಬಿಟ್ಟಿದೆ, ಎಲ್ಲಿ ಬಸರಿ ಬಿಟ್ಟಿದೆ ಎಂದು ಆಕೆ ಹೇಳಬಲ್ಲವಳಾಗಿದ್ದಳು. ಎಳೆಯ ಮರಿಯನ್ನು ಕೆಲವು ವಾರ ತಾಯಿ ಹೊತ್ತುಕೊಂಡೇ ಹಾರುತ್ತದಂತೆ. ಭಾರವಾದ ಮೇಲೆ ಕೊಂಬೆಯಲ್ಲಿ ಬಿಟ್ಟು ಹೋಗಿ, ಬೆಳಗಿನ ಜಾವ ಬಂದು ನೂರು ಮರಿಗಳ ನಡುವೆ ತನ್ನದನ್ನೇ ಕೂಗಿ ಕರೆದು, ಮೂಸಿ ನೋಡಿ ಎತ್ತಿಕೊಳ್ಳುತ್ತದಂತೆ. ಬೇರೆಯವುಗಳ ಮರಿ ಅತ್ತರೂ ತಿರುಗಿ ನೋಡುವುದಿಲ್ಲವಂತೆ.

ಐದನೆಯ ದಿನ ಒಂದು ಗಂಡನ್ನು ಹೊಡೆದೆ. ಅಂಚಿನ ಮರದಲ್ಲಿ ಒಂಟಿಯಾಗಿತ್ತು, ನೇರ ಕೆಳಗೆ ಬಿತ್ತು. ಎರಡೂವರೆ ಪೌಂಡಿಗಿಂತ ಹೆಚ್ಚು ತೂಕ, ರೆಕ್ಕೆ ಹರಡಿದರೆ ನಾಲ್ಕು ಅಡಿ ದಾಟಿತು. ಆ ಬಿಸಿಲಿಗೆ ಸತ್ತ ಪ್ರಾಣಿಯ ಹೊಟ್ಟೆ ಬೇಗ ಕೊಳೆಯುತ್ತದೆ, ಕೊಳೆತರೆ ರೋಮ ಉದುರುತ್ತದೆ. ಮಧ್ಯಾಹ್ನದೊಳಗೆ ಚರ್ಮ ಬಿಡಿಸಿ, ಸೋಪು ಸವರಿ, ಹತ್ತಿ ತುಂಬಿ, ರೆಕ್ಕೆಯನ್ನು ಹಲಗೆಗೆ ಬಿಗಿದೆ. ಮರುದಿನ ಒಂದು ತೋಟಾ ತೇವ ಹಿಡಿದು ಸಿಡಿಯಲೇ ಇಲ್ಲ. ಇನ್ನೊಂದರಲ್ಲಿ ಹೊಡೆದ ಹೆಣ್ಣು ಸತ್ತ ಮೇಲೂ ಕೆಳಗೆ ಬೀಳಲಿಲ್ಲ. ಬಾವಲಿಯ ಕಾಲಿನ ನರ ಮೈಭಾರಕ್ಕೆ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಹಿಡಿತ ಬಿಡಬೇಕಾದರೆ ಅದಕ್ಕೆ ಪ್ರಯತ್ನ ಬೇಕು, ಪ್ರಯತ್ನಕ್ಕೆ ಜೀವ ಬೇಕು. ಮರದ ತುದಿಯಲ್ಲಿ, ಯಾವ ಏಣಿಯೂ ಮುಟ್ಟದ ಕಡೆ, ಅದು ಬದುಕಿರುವವುಗಳ ಸಾಲಿನಲ್ಲೇ ಜೋತುಬಿದ್ದಿತ್ತು. ಸಂಜೆ ಎಲ್ಲವೂ ಹೊರಟ ಮೇಲೆ ಅದೊಂದೇ ಉಳಿಯಿತು. ಬೆಳಿಗ್ಗೆ ಬಂದವು ಅದರ ಪಕ್ಕದಲ್ಲೇ ಜಾಗ ಹಿಡಿದವು. ಆ ಕಡೆ ನೋಡದೆ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡೆ.

ಮೂರು ತೋಟಾ ಉಳಿದಿದ್ದವು. ಮಾರನೆಯ ದಿನ ದೇವನಹಳ್ಳಿಯಲ್ಲಿ ಸಂತೆ.

"ಸಂಜೆ ಒಳಗೆ ಬಂದ್ಬಿಡ್ತೀನಿ ಸ್ವಾಮಿ. ಮುದ್ದೆ ಮಾಡಿ ಮುಚ್ಚಿಟ್ಟಿದೀನಿ, ಉಣ್ಣಿ" ಎಂದು ಯಜಮಾನಮ್ಮ ಬದನೆಕಾಯಿ ಮಂಕರಿ ಹೇರಿಸಿಕೊಂಡು ಗಾಡಿಯಲ್ಲಿ ಹೋದಳು. ಗಾಡಿ ಕೆರೆ ಏರಿ ದಾಟುವವರೆಗೆ ಕಾದೆ. ದಾರಿ ಎಂದುಕೊಂಡಿದ್ದೆನಲ್ಲ, ಅದು ಇದೇ ಎಂದು ಆಗ ನನಗೆ ಗೊತ್ತಾಯಿತು. ಆದರೂ ಕೋವಿ ತೆಗೆದುಕೊಂಡೆ.

ತಗ್ಗು ಕೊಂಬೆಯಲ್ಲಿರುವ ತಾಯಿಯನ್ನೇ ಹುಡುಕಿದೆ. ಬಿದ್ದರೂ ಸರಿ, ನೇತುಬಿದ್ದರೂ ಏಣಿಗೆ ಸಿಗಬೇಕು. ಒಂದು ಕಡೆ ನಾಲ್ಕೈದು ಹೆಣ್ಣು ಒತ್ತೊತ್ತಾಗಿದ್ದವು. ಅಂಚಿನದರ ಮಡಿಸಿದ ರೆಕ್ಕೆ ದಪ್ಪಗೆ ಉಬ್ಬಿತ್ತು. ಒಳಗೆ ಮರಿ ಇರಬೇಕು ಎನ್ನಿಸಿತು. ಮರಿಗೆ ಗುಂಡಿನ ರವೆ ತಾಗದಂತೆ ತಲೆಗೆ ಗುರಿಯಿಟ್ಟು ಹೊಡೆದೆ.

ಇಡೀ ತೋಪು ಮೇಲೆದ್ದಿತು. ಮಟಮಟ ಮಧ್ಯಾಹ್ನ ಕತ್ತಲಾದ ಹಾಗೆ ಆಯಿತು. ಅಷ್ಟು ರೆಕ್ಕೆಗಳ ಗಾಳಿಗೆ ಹುಣಸೆ ಎಲೆ ಮಳೆಯಂತೆ ಸುರಿಯಿತು. ಕಾಲು ಗಂಟೆಯ ಮೇಲೆ ಒಂದೊಂದೇ ಮರಳಿ ದೂರದ ಮರಗಳಲ್ಲಿ ಇಳಿದವು. ನಾನು ಹೊಡೆದದ್ದು ಇದ್ದಲ್ಲೇ ನೇತಾಡುತ್ತಿತ್ತು, ರೆಕ್ಕೆ ಸಡಿಲವಾಗಿ ತೆರೆದಿತ್ತು. ಅದರ ಎದೆಗೆ ಒಂದು ಮರಿ ಅಂಟಿಕೊಂಡಿತ್ತು. ಜೀವವಿತ್ತು, ಸಣ್ಣಗೆ ಕೀಚುತ್ತಿತ್ತು.

ಏಣಿ ಹಾಕಿ ಹತ್ತಿ, ಸತ್ತದ್ದರ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿದೆ. ಮರಿಯನ್ನು ಬಿಡಿಸಲು ಹೋದಾಗ ಅದು ಅಲ್ಲಿಂದ ನನ್ನ ಅಂಗಿಗೆ ಹಾರಿ, ಎದೆಯ ಮೇಲೆ ಉಗುರು ನಾಟಿ ಕೂತಿತು. ಬೆಚ್ಚಗಿತ್ತು. ಕಣ್ಣು ಕಂದು ಬಣ್ಣ, ಮುಖ ಥೇಟ್ ನಾಯಿಮರಿ. ನನ್ನ ಕತ್ತಿನ ಹತ್ತಿರ ಮೂಗು ತೂರಿಸಿ ಏನೋ ಹುಡುಕಿತು.

ತಾಯಿ ಸತ್ತಿದೆ, ಬಿಟ್ಟರೆ ಇರುವೆಯೋ ಹದ್ದೋ ತಿನ್ನುತ್ತದೆ, ಹೇಗೂ ಉಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ತರ್ಕವಲ್ಲ. ಆದರೆ ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಹೆಣ್ಣು ಕೈಗೆ ಬಂದ ಕೂಡಲೇ ಮೊದಲು ಮೊಲೆ ನೋಡಬೇಕು, ಹಾಲಿದೆಯೇ ಎಂದು ಒತ್ತಿ ನೋಡಿ ಬರೆದುಕೊಳ್ಳಬೇಕು, ಬಾಕಿಯದೆಲ್ಲ ಆಮೇಲೆ. ನನಗೆ ಅದನ್ನು ಕಲಿಸಿದವರು ನೂರು ಸಲ ಹೇಳಿದ್ದರು. ಸಂಜೆಯೊಳಗೆ ಎಲ್ಲ ಮುಗಿಸಿ ಮುಚ್ಚಿಡುವ ಅವಸರದಲ್ಲಿ ಅದನ್ನು ಮಾಡಲಿಲ್ಲ. ಖಾಲಿ ಜಾಡಿಯೊಳಗೆ ಕ್ಲೋರೋಫಾರಂ ಹತ್ತಿ ಹಾಕಿ ಮರಿಯನ್ನು ಅಂಗಿಯಿಂದ ಕಿತ್ತೆ. ಉಗುರಿನ ಜೊತೆ ಅಂಗಿಯ ನೂಲೂ ಕಿತ್ತು ಬಂತು. ಮುಚ್ಚಳ ಹಾಕಿ ಬೆನ್ನು ತಿರುಗಿಸಿ ಕೂತೆ. ಗಾಜಿನ ಮೇಲೆ ಉಗುರು ಕೆರೆಯುವ ಸದ್ದು ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ. ಅಷ್ಟು ಎಳೆಯ ಚರ್ಮ ಬಿಡಿಸಿದರೆ ಹರಿಯುತ್ತದೆ, ಮ್ಯೂಸಿಯಂಗೆ ಹೋಗಿಯೇ ನೋಡೋಣವೆಂದು ಮರಿಯನ್ನು ಇಡಿಯಾಗಿ ಸ್ಪಿರಿಟ್ಟಿಗೆ ಹಾಕಿದೆ.

ಆಮೇಲೆ ದೊಡ್ಡದನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿದೆ. ಮೊಲೆ ಒತ್ತಿದೆ. ಹಾಲಿರಲಿಲ್ಲ. ತೊಟ್ಟು ಚಿಕ್ಕದಾಗಿ, ಯಾವ ಮರಿಯ ಬಾಯೂ ತಾಗದ ಹಾಗೆ ಇತ್ತು. ಹೊಟ್ಟೆ ಕೊಯ್ದೆ. ಒಳಗೆ ಇನ್ನೊಂದು ಮರಿ ರೆಕ್ಕೆ ಮಡಿಸಿ ಮಲಗಿತ್ತು. ಹುಟ್ಟಲು ಕೆಲವೇ ದಿನ ಉಳಿದಿದ್ದಿರಬೇಕು.

ಬಾವಲಿಗೆ ವರ್ಷಕ್ಕೆ ಒಂದೇ ಮರಿ. ಎದೆಗೆ ಅಂಟಿಕೊಂಡಿದ್ದ ಮರಿ ಇದರದ್ದಾಗಿರಲಿಲ್ಲ. ಪಕ್ಕದಲ್ಲಿದ್ದ ಯಾವುದೋ ತಾಯಿ ಸದ್ದಿಗೆ ಹೆದರಿ ಹಾರಿದಾಗ ಮರಿ ಕಳಚಿಕೊಂಡು, ಸಿಕ್ಕ ಮೈಯನ್ನು ಹಿಡಿದುಕೊಂಡಿತ್ತು. ಅದರ ತಾಯಿ ಬದುಕಿತ್ತು. ಎಲ್ಲೋ ಆ ದೂರದ ಮರಗಳಲ್ಲಿ ಇತ್ತು. ನಾನು ಮರಿಯನ್ನು ಆ ಕೊಂಬೆಗೇ ಬಿಟ್ಟು ಇಳಿದು ಬಂದಿದ್ದರೆ ಸಾಕಿತ್ತು.

ಮರಿಯ ಜಾಡಿಯನ್ನು ಪೆಟ್ಟಿಗೆಯ ತಳದಲ್ಲಿ ಹತ್ತಿಯ ಕೆಳಗಿಟ್ಟೆ. ಹೊಟ್ಟೆಯಲ್ಲಿದ್ದದ್ದನ್ನು ಇನ್ನೊಂದು ಜಾಡಿಗೆ ಹಾಕಿದೆ.

ಹೊತ್ತು ಇಳಿಯುವಾಗ ಗಾಡಿ ಬಂತು. ಯಜಮಾನಮ್ಮ ಇಳಿದವಳೇ ಮೊದಲು ಮರ ನೋಡಿದಳು, ಆಮೇಲೆ ನನ್ನನ್ನು.

"ಹೊಡ್ದಂಗೈತೆ?"

"ಹೂಂ. ಒಂದು ಹೆಣ್ಣು."

"ಮರಿ ಇರ್ಲಿಲ್ಲ ತಾನೆ?"

"ಇರಲಿಲ್ಲಮ್ಮ. ಅದರದ್ದು ಮರಿ ಇರಲಿಲ್ಲ."

ಮಾತಿನ ಮಟ್ಟಿಗೆ ಸುಳ್ಳಲ್ಲ. ಹಾಗಾಗಿಯೇ ಅದನ್ನು ಅಷ್ಟು ಸರಾಗವಾಗಿ ಹೇಳಿದೆನೇನೋ.

ಆ ಸಂಜೆ ತೋಪು ಬರಿದಾದ ಮೇಲೂ ಒಂದು ಬಾವಲಿ ಹೋಗಲಿಲ್ಲ. ನಾನು ಏಣಿ ಹಾಕಿದ್ದ ಅದೇ ಕೊಂಬೆಯ ಸುತ್ತ ಸುತ್ತಿತು. ಇಳಿಯಿತು, ತೊಗಟೆ ಮೂಸಿತು, ಮತ್ತೆ ಎದ್ದಿತು. ಹಗಲಿನ ಜಗಳದ ಕೂಗಲ್ಲ ಅದು. ಎರಡು ಸಲ ಚಿಕ್ಕದಾಗಿ ಕೂಗಿ ನಿಲ್ಲುತ್ತಿತ್ತು, ಉತ್ತರಕ್ಕೆ ಕಾಯುವ ಹಾಗೆ. ಮತ್ತೆ ಎರಡು ಸಲ. ಯಜಮಾನಮ್ಮ ದೀಪಕ್ಕೆ ಎಣ್ಣೆ ಹುಯ್ಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಯ್ಯೋ, ಮರಿ ಬೀಳಿಸ್ಕೊಂಡೈತೆ" ಎಂದಳು.

ಬೆಳಕು ಹರಿಯುವ ಮೊದಲೇ ಒಂದು ಕುಕ್ಕೆಗೆ ಹಳೇ ಸೀರೆಯ ತುಂಡು ಹಾಸಿಕೊಂಡು ಮರದಡಿ ಹುಡುಕಲು ಹೋದಳು. ಹೋದ ವರ್ಷ ಎರಡು ಮರಿ ಹೀಗೆ ಸಿಕ್ಕಿದ್ದವಂತೆ. ಬಟ್ಟೆಯಲ್ಲಿ ಸುತ್ತಿ ತಗ್ಗು ಕೊಂಬೆಗೆ ಕಟ್ಟಿದ್ದಳಂತೆ. ಒಂದನ್ನು ತಾಯಿ ಬಂದು ಎತ್ತಿಕೊಂಡು ಹೋಯಿತಂತೆ. ನನಗೆ ಜಗಲಿಯ ಮೇಲೆ ಕೂತಿರಲು ಸಾಧ್ಯವಾಗಲಿಲ್ಲ. ಎದ್ದು ಹೋಗಿ ನಾನೂ ಹುಡುಕಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಪೆಟ್ಟಿಗೆಯ ತಳದಲ್ಲಿ ಇರುವುದನ್ನು ನಾನು ಪೊದೆ ಪೊದೆ ಸರಿಸಿ ಹುಡುಕಿದೆ. ಒಣಗಿದ ಎಲೆಯ ರಾಶಿ ಕೆದಕಿದೆ. ಕಳ್ಳಿಸಾಲಿನ ಮುಳ್ಳಿಗೆ ಕೈ ತೂರಿಸಿದೆ. "ಅಲ್ಲಿ ನೋಡಿದ್ರಾ ಸ್ವಾಮಿ?" ಎಂದು ಆಕೆ ಕೇಳಿದರೆ "ನೋಡಿದೆನಮ್ಮ" ಎನ್ನುತ್ತಿದ್ದೆ.

ಸಂಜೆ ಮತ್ತೆ ಅದೇ ಕೂಗು. ಎರಡು ಸಲ, ಒಂದು ಬಿಡುವು. ಕಿವಿಗೆ ಹತ್ತಿ ಇಟ್ಟುಕೊಂಡೆ. ಕೂಗಿನ ಬದಲು ಗಾಜು ಕೆರೆಯುವ ಸದ್ದು ಕೇಳಿಸಿತು. ಹತ್ತಿ ತೆಗೆದು ಎಸೆದೆ.

ಮರುದಿನವೂ ಆಕೆ ಹುಡುಕಿದಳು. ಬಿಸಿಲು ಏರಿದ ಮೇಲೆ ಕುಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಬೇರಿನ ಮೇಲೆ ಕೂತಳು.

"ನಾಯಿ ತಿಂದಿದ್ರೆ ಒಂದು ಹನಿ ರಕ್ತ ಆದ್ರೂ ಇರ್ಬೇಕಲ್ಲ ಸ್ವಾಮಿ? ಇರುವೆ ಮುತ್ತಿದ್ರೆ ಮೂಳೆ ಆದ್ರೂ ಉಳೀಬೇಕು. ಏನೂ ಇಲ್ಲ." ಕುಕ್ಕೆಯ ಬಟ್ಟೆ ಸರಿಮಾಡುತ್ತಾ, "ನಾನು ಸಂತೆಗೆ ಹೋಗಬಾರ್ದಿತ್ತು. ನಾನಿದ್ದಿದ್ರೆ ಬಿದ್ದ ತಕ್ಷಣ ಎತ್ಕೋತಿದ್ದೆ. ಬದನೆಕಾಯಿ ಇನ್ನೊಂದು ವಾರ ಕೊಯ್ದಿದ್ರೆ ಏನಾಗ್ತಿತ್ತು? ನಂದೇ ತಪ್ಪು" ಎಂದಳು.

ಆಕೆ ನನ್ನನ್ನು ಅನುಮಾನಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಳಲ್ಲ, ಅದನ್ನು ಕೇಳಿಕೊಂಡು ಕೂತಿರಲು ಆಗಲಿಲ್ಲ. ಜಗಲಿಗೆ ಹೋದೆ. ಪೆಟ್ಟಿಗೆಯಿಂದ ಹತ್ತಿ ಸರಿಸಿ ಜಾಡಿ ತಂದು ಆಕೆಯ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಕ್ಯೂರೇಟರರ ಪಟ್ಟಿ, ಸಂತೆಯ ದಿನಕ್ಕೆ ಕಾದದ್ದು, ಹೊಡೆದದ್ದರ ಹೊಟ್ಟೆಯಲ್ಲಿ ಅದರದ್ದೇ ಮರಿ ಸಿಕ್ಕಿದ್ದು, ಯಾವುದನ್ನೂ ಬಿಡಲಿಲ್ಲ.

ಆಕೆ ಜಾಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬೈಯಲಿಲ್ಲ.

"ಉಗುರ್ನಾಗೆ ಇದೇನು ದಾರ?"

"ನನ್ನ ಅಂಗೀದು."

"ನಿಮ್ಮನ್ನ ಹಿಡ್ಕೊಂಡಿತ್ತಾ?"

"ಹೂಂ."

ಮೇಲೆ ಬಾವಲಿಗಳು ಗಾಳಿ ಹಾಕಿಕೊಳ್ಳುತ್ತಿದ್ದವು.

"ತೆಕ್ಕೊಡಿ" ಎಂದಳು.

"ಸ್ಪಿರಿಟ್ ವಾಸನೆ ಅಮ್ಮ. ತಾಯಿಗೆ ಗುರುತು ಸಿಗಲ್ಲ."

"ತೆಕ್ಕೊಡಿ ಸ್ವಾಮಿ."

ತೆಗೆದುಕೊಟ್ಟೆ. ಮಡಕೆಯಲ್ಲಿ ನೀರು ತಂದು ಮರಿಯನ್ನು ತೊಳೆದಳು. ನೀರು ಬದಲಿಸಿ ಮತ್ತೆ ತೊಳೆದಳು. ಏಳೆಂಟು ಸಲ. ಬಿಸಿಲಿಗೆ ಹಿಡಿದು ಆರಿಸಿ, ಆ ಕೊಂಬೆಯ ಕೆಳಗೆ ಬಿದ್ದಿದ್ದ ಹುಣಸೆ ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೈಗೆಲ್ಲ ಸವರಿದಳು. ಉಗುರಿನ ನೂಲನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ಏಣಿಯನ್ನು ನಾನು ಹಿಡಿದುಕೊಂಡೆ. ಆಕೆ ಮೇಲೇರಿ, ಸೀರೆಯ ತುಂಡಿನಿಂದ ಮರಿಯನ್ನು ಕೊಂಬೆಗೆ ಸಡಿಲವಾಗಿ ಕಟ್ಟಿ ಇಳಿದಳು. ಇಬ್ಬರೂ ಜಗಲಿಗೆ ಬಂದು ಕೂತೆವು.

ಹೊತ್ತು ಮುಳುಗಿತು. ಉಳಿದವು ಹೊರಟವು. ಕೂಗುತ್ತಿದ್ದ ಆ ಬಾವಲಿ ಬಂತು. ಎರಡು ಸುತ್ತು ಹಾಕಿ ಕೊಂಬೆಯ ತುದಿಗೆ ಇಳಿದು, ಉಗುರು ಬದಲಿಸುತ್ತಾ ಮರಿಯ ಹತ್ತಿರ ಸರಿಯಿತು. ಮೂಸಿತು. ತಲೆ ಹಿಂದಕ್ಕೆಳೆದುಕೊಂಡಿತು. ಮತ್ತೆ ಮೂಸಿ, ಮುಖದ ಕಡೆ ಒಂದು ಸಲ ನೆಕ್ಕಿತು. ಯಜಮಾನಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು. ಹಿಡಿದದ್ದು ಆಕೆಗೇ ಗೊತ್ತಿರಲಿಲ್ಲ. ಬಾವಲಿ ಅಲ್ಲೇ ಒಂದಷ್ಟು ಹೊತ್ತು ಸುಮ್ಮನೆ ನೇತಾಡಿತು. ಕೂಗಲಿಲ್ಲ. ಆಮೇಲೆ ಹಿಡಿತ ಬಿಟ್ಟು, ಕೆರೆಯ ಮೇಲೆ ತಗ್ಗಾಗಿ ಹೋಯಿತು. ನೀರು ಮುಟ್ಟಿತೋ ಇಲ್ಲವೋ ಕಾಣಲಿಲ್ಲ.

ಗುರುತು ಸಿಕ್ಕಿ ಬಿಟ್ಟು ಹೋಯಿತೋ, ತನ್ನದಲ್ಲ ಎಂದು ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಮರುದಿನ ಸಂಜೆ ಕೂಗು ಕೇಳಲಿಲ್ಲ. ಮರಿಯನ್ನು ಇಳಿಸಿ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಹಳ್ಳ ನಾನು ತೋಡಿದೆ.

ನಾನು ಹೊರಡುವಾಗ ಯಜಮಾನಮ್ಮ ಬಾಗಿಲಿಗೆ ಬಂದಳು. ಎರಡು ರೊಟ್ಟಿ ಸುತ್ತಿ ಕೊಟ್ಟಳು.

"ದಾರೀಲಿ ತಿನ್ನಿ. ಇನ್ನು ಮ್ಯಾಲೆ ಇಲ್ಲಿಗೆ ಬರ್ಬ್ಯಾಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಉಳಿದಿದ್ದ ಎರಡು ತೋಟಾ ಮ್ಯೂಸಿಯಂಗೆ ಹಿಂದಿರುಗಿಸಿ, ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟೆ. ಕ್ಯೂರೇಟರ್ ಓದಿ ಕಾಗದ ಮೇಜಿನ ಮೇಲೆ ಹಾಕಿದರು.

"ಸರ್ಕಾರದ ಸ್ಪೆಸಿಮೆನ್ನನ್ನ ಮರಕ್ಕೆ ಕಟ್ಟಿ ಬರೋಕೆ ನಿನಗೆ ಹೇಳಿದೋರು ಯಾರಯ್ಯಾ? ಕೆಲಸ ಬೇಕಾ ಬೇಡವಾ?" ಆಮೇಲೆ ಅವರ ಕಣ್ಣು ಎರಡನೆಯ ಜಾಡಿಯ ಮೇಲೆ ಬಿತ್ತು. ಅದನ್ನು ಎತ್ತಿ ನೋಡಿದರು. "ಇದು ಈ ಹೆಣ್ಣಿಂದೇ ಮರಿ ತಾನೆ? ಇದನ್ನೇ ಎದೆಗೆ ಕೂರಿಸು. ಜನಕ್ಕೆ ಏನು ಗೊತ್ತಾಗುತ್ತೆ?"

ನಾನು ಇಲ್ಲ ಎನ್ನಬಹುದಿತ್ತು. ಯಜಮಾನಮ್ಮನ ಎದುರು ಬಾಯಿ ಬಿಟ್ಟಿದ್ದೆ, ಇವರೆದುರು ಬಿಡಲಿಲ್ಲ. ಆ ದಿನಗಳಲ್ಲಿ ಕೆಲಸ ಹೋದರೆ ಇನ್ನೊಂದು ಸಿಗುವಂತಿರಲಿಲ್ಲ. ಮನೆಯಲ್ಲಿ ಐದು ಜನ. ಕಾರಣ ಎಷ್ಟು ಬೇಕಾದರೂ ಇದ್ದವು. ಹುಟ್ಟದ ಮರಿಯ ಮೈಯಲ್ಲಿ ರೋಮ ಪೂರ್ತಿ ಬಂದಿರಲಿಲ್ಲ. ತಾಯಿಯ ಬೆನ್ನಿನಿಂದಲೇ ರೋಮ ಕತ್ತರಿಸಿ ಅಂಟಿಸಿದೆ. ಜನಕ್ಕೆ ಕಾಣಬೇಕೆಂದು ತಾಯಿಯ ರೆಕ್ಕೆಗಳನ್ನು ಅಗಲಿಸಿ, ಮರಿಯನ್ನು ಎದೆಯ ನಟ್ಟನಡುವೆ ಕೂರಿಸಿದೆ. ಎಲ್ಲರೂ ಹೊಗಳಿದರು. ಮೂರು ವಾರ ಹಿಡಿದ ಆ ಕೆಲಸದಷ್ಟು ನಯವಾದದ್ದನ್ನು ನಾನು ಮತ್ತೆ ಮಾಡಿಲ್ಲ. ದಾಖಲೆ ಪುಸ್ತಕದ ಷರಾ ಅಂಕಣದಲ್ಲಿ ಮಾತ್ರ ನಿಜ ಬರೆದೆ. ಅದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಬರೆದೆ.

ಯುದ್ಧ ಮುಗಿದ ಮೇಲೆ ಮ್ಯೂಸಿಯಂಗೆ ಹಳ್ಳಿಗಳಿಂದ ಜನ ಬರುವುದು ಹೆಚ್ಚಾಯಿತು. ಬಾವಲಿಯ ಗಾಜಿನ ಮುಂದೆ ಯಾವಾಗಲೂ ಗುಂಪು. "ನೋಡೇ, ತಾಯಿ ಮಗು" ಎಂದು ಹೆಂಗಸರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ನಾನು ಆ ಹಜಾರಕ್ಕೆ ಬಾಗಿಲು ತೆಗೆಯುವ ಮೊದಲೇ ಹೋಗಿ ಧೂಳು ಒರೆಸಿ ಬಂದುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಇನ್ನೊಂದು ಬೀರುವಿನ ಬೀಗ ಸರಿಮಾಡಲು ಅಲ್ಲಿಗೆ ಹೋಗಬೇಕಾಯಿತು. ಗಾಜಿನ ಮುಂದೆ ಯಜಮಾನಮ್ಮ ನಿಂತಿದ್ದಳು. ನೆಂಟರ ಜೊತೆ ಬಂದಿದ್ದಳಂತೆ. ಅವರು ಮುಂದೆ ಆನೆಯ ಅಸ್ಥಿಪಂಜರದ ಕಡೆ ಹೋಗಿದ್ದರು. ತಿರುಗಿ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಆಕೆ ನೋಡಿದಳು.

"ಚೆನ್ನಾಗಿದೀರಾ ಸ್ವಾಮಿ?"

"ಹೂಂ ಅಮ್ಮ."

"ಹೊಟ್ಟೇಲಿ ಮರಿ ಇತ್ತು ಅಂದಿದ್ರಲ್ಲ, ಅದೇನಾ ಇದು?"

"ಅದೇ."

ಆಕೆ ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಬಾಗಿ ನೋಡಿದಳು. ನಾನು ಬೀಗದ ಕೈ ಹಿಡಿದು ನಿಂತಿದ್ದೆ. ಏನಾದರೂ ಅನ್ನಲಿ ಎಂದು ಕಾದೆ.

"ಇಷ್ಟು ಬಯಲಾಗೆ ಯಾವ ತಾಯಿ ಇಟ್ಕೋತಾಳೆ ಸ್ವಾಮಿ? ಕಂಕುಳಿಗೆ ಸೇರಿಸಿ ರೆಕ್ಕೆ ಮುಚ್ಚಬೇಕು. ನೀವು ನಾಕು ದಿನ ಕೂತು ನೋಡಿದ್ರಲ್ಲ" ಎಂದಳು. ಅಷ್ಟೇ. ನೆಂಟರು ಕರೆದರು, ಸೆರಗು ಸರಿ ಮಾಡಿಕೊಂಡು ಹೋದಳು.

ಮುಂದಿನ ರಜೆಯ ದಿನ ನಾನೊಬ್ಬನೇ ಬಂದು ಗಾಜು ತೆಗೆದೆ. ಒಣಗಿದ ರೆಕ್ಕೆಯನ್ನು ಹಾಗೇ ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಒದ್ದೆ ಹತ್ತಿಯನ್ನು ಮಡಿಕೆ ಮಡಿಕೆಗೆ ಇಟ್ಟು, ಸಂಜೆಯವರೆಗೆ ಬದಲಿಸುತ್ತಾ ಕೂತೆ. ಮರಿಯನ್ನು ಎದೆಯಿಂದ ಬಿಡಿಸಿ, ಎಡಗಂಕುಳಿನಲ್ಲಿ ಸೇರಿಸಿ, ಹೊಲಿದೆ. ಮೆತ್ತಗಾದ ರೆಕ್ಕೆಯನ್ನು ಒಂದೊಂದು ಬೆರಳಾಗಿ ಮಡಿಸಿ ಅದರ ಮೇಲೆ ತಂದೆ. ಕಿವಿ ಮುಚ್ಚಿತು, ಮುಖ ಮುಚ್ಚಿತು.

ಕ್ಯೂರೇಟರ್ ಮರುದಿನ ನೋಡಿದರು. ಒಮ್ಮೆ ನನ್ನ ಮುಖ ನೋಡಿ ಮುಂದೆ ಹೋದರು. ಅಂದಿನಿಂದ ಗುಂಪು ಕಡಿಮೆಯಾಯಿತು. ಗಾಜಿನ ಮೇಲೆ 'ತಾಯಿ ಮತ್ತು ಮರಿ' ಎಂದಿರುವ ಚೀಟಿ ಓದಿದವರು ಮರಿ ಎಲ್ಲಿ ಎಂದು ಕೇಳುತ್ತಾರೆ. ಒಳಗಿದೆ ಎನ್ನುತ್ತೇನೆ. ಬಗ್ಗಿ ನೋಡಿದವರಿಗೆ ರೆಕ್ಕೆಯ ಅಂಚಿನಲ್ಲಿ ಒಂದು ಸಣ್ಣ ಉಗುರು ಕಾಣುತ್ತದೆ. ಅದನ್ನೂ ಒಳಗೆ ಸೇರಿಸಲು ಆ ಸಂಜೆ ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.